ಕಾಗದ ಹಾಡಾಗುವ ಬಗೆ



ನಮ್ಮ ಹುಲಿಕೆರೆಯಿಂದ ಹಳೇಬೀಡಿಗೆ ಹೆಚ್ಚು ದೂರವಿಲ್ಲ. ಶಾಲೆಯ ಪ್ರವಾಸದಲ್ಲಿ ನೀವು ಹುಲಿಕೆರೆಯ ಹೊಯ್ಸಳ ಕಾಲದ ಕಲ್ಯಾಣಿಯನ್ನೂ ಅಲ್ಲಿಂದ ಮುಂದೆ ಹೊಯ್ಸಳೇಶ್ವರ ದೇವಾಲಯವನ್ನೂ ನೋಡಿರಬಹುದು. ಆ ದೇವಾಲಯದ ಹೊರಗೋಡೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಅವುಗಳ ಮೇಲೊಂದು ಸಾಲಿನಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಕಥೆ. ಅಲ್ಲಿ ಅಭಿಮನ್ಯುವಿನ ಚಕ್ರವ್ಯೂಹದ ಕೆತ್ತನೆಯೂ ಇದೆ. ಕವಿಯಾದವನು ಆ ಪ್ರಸಂಗವನ್ನು ಹತ್ತಾರು ಪದ್ಯಗಳಲ್ಲಿ ಹೇಳುತ್ತಾನೆ: ಹುಡುಗ ವ್ಯೂಹವನ್ನು ಹೇಗೆ ಹೊಕ್ಕ, ಬೆಂಬಲಕ್ಕೆ ಬಂದವರು ಏಕೆ ಹಿಂದುಳಿದರು, ಯಾರು ಯಾರು ಅವನನ್ನು ಮುತ್ತಿದರು. ಶಿಲ್ಪಿಗೆ ಇದ್ದದ್ದು ಒಂದು ತುಂಡು ಕಲ್ಲು. ಅವನು ಬಹುಪಾಲನ್ನು ಬಿಟ್ಟ. ಸುರುಳಿಯಾಗಿ ಸುತ್ತಿಕೊಂಡ ಸೈನ್ಯವನ್ನೂ ಅದರೊಳಗೆ ಸಿಕ್ಕಿಬಿದ್ದ ಹುಡುಗನನ್ನೂ ಉಳಿಸಿಕೊಂಡ. ನೋಡುವ ನಮಗೆ ಏನೋ ಕಳೆದುಹೋಯಿತೆಂದು ಅನ್ನಿಸುವುದಿಲ್ಲ.

ಒಂದು ಮಾಧ್ಯಮದ ಕೃತಿಯನ್ನು ಇನ್ನೊಂದು ಮಾಧ್ಯಮಕ್ಕೆ ತರುವುದನ್ನು ನಾವು ದೂರದರ್ಶನದಲ್ಲಿ, ರಂಗಭೂಮಿಯಲ್ಲಿ ರೂಪಾಂತರ ಎನ್ನುತ್ತೇವೆ. ನಾನು ವಿಜ್ಞಾನದ ಪದವಿ ಪಡೆದು ಈ ಕೆಲಸಕ್ಕೆ ಬಂದವನಾದ್ದರಿಂದ ನನಗೆ ಇದು ಶಕ್ತಿಯ ರೂಪಾಂತರದಂತೆಯೇ ಕಾಣುತ್ತದೆ. ಬಲ್ಬಿನಲ್ಲಿ ವಿದ್ಯುತ್ತು ಬೆಳಕಾಗುವಾಗ ಒಂದಷ್ಟು ಭಾಗ ಶಾಖವಾಗಿ ಹೋಗಿಯೇ ಹೋಗುತ್ತದೆ. ಹೋಯಿತಲ್ಲಾ ಎಂದು ಯಾರೂ ಅಳುವುದಿಲ್ಲ. ಓದಲು ಸಾಕಷ್ಟು ಬೆಳಕು ಬಂತೇ ಎಂದು ಕೇಳುತ್ತಾರೆ. ಕಾದಂಬರಿಯೊಂದು ಸಂಗೀತ ನಾಟಕವಾದಾಗಲೂ ಕೇಳಬೇಕಾದದ್ದು ಅದನ್ನೇ. ಆದರೆ ಆ ಕಾದಂಬರಿ ತುಳಿತಕ್ಕೆ ಒಳಗಾದವರ ಬದುಕನ್ನು ಹೇಳುವಂಥದ್ದಾದರೆ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಅವರ ನೋವನ್ನು ನಾವು ಹಾಡು ಮಾಡಬಹುದೇ? ಮಾಡಿದರೆ ಆ ಹಾಡು ಯಾರದು? ಇಂದು ಈ ಎರಡು ಪ್ರಶ್ನೆಗಳನ್ನು ಹಿಡಿದು ನಿಮ್ಮೊಡನೆ ಮಾತಾಡುತ್ತೇನೆ. ಮೊದಲು ಅಮೆರಿಕದ ಒಂದು ಉದಾಹರಣೆ, ಆಮೇಲೆ ನಮ್ಮ ಕನ್ನಡದ್ದೇ ಕೆಲವು.

ಆಲಿಸ್ ವಾಕರ್ 1944ರಲ್ಲಿ ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ, ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪು ಜನರ ಕುಟುಂಬದಲ್ಲಿ ಹುಟ್ಟಿದವರು. ಎಂಟು ಮಕ್ಕಳಲ್ಲಿ ಕೊನೆಯವರು. ಅವರ ‘ದಿ ಕಲರ್ ಪರ್ಪಲ್’ ಕಾದಂಬರಿ ಪ್ರಕಟವಾದದ್ದು 1982ರಲ್ಲಿ. ಮರುವರ್ಷ ಅದಕ್ಕೆ ಪುಲಿಟ್ಜರ್ ಬಹುಮಾನ ಬಂತು. ಕಥಾಸಾಹಿತ್ಯಕ್ಕೆ ಆ ಬಹುಮಾನ ಪಡೆದ ಮೊದಲ ಕಪ್ಪು ಮಹಿಳೆ ಅವರು. ಕಥೆಯ ನಾಯಕಿ ಸೀಲಿ. ಹದಿನಾಲ್ಕರ ವಯಸ್ಸಿಗೇ, ತಂದೆಯೆಂದು ತಾನು ತಿಳಿದಿದ್ದವನಿಂದಲೇ ಘೋರ ಅನ್ಯಾಯಕ್ಕೆ ಒಳಗಾದವಳು. ಹೆತ್ತ ಎರಡು ಮಕ್ಕಳನ್ನು ಅವಳಿಂದ ಕಿತ್ತುಕೊಳ್ಳಲಾಗುತ್ತದೆ. ಹೆಂಡತಿ ಸತ್ತ, ಮಕ್ಕಳಿರುವ ಒಬ್ಬನಿಗೆ ಅವಳನ್ನು ದಾಟಿಸುತ್ತಾರೆ. ಅವನು ಹೊಡೆಯುತ್ತಾನೆ, ದುಡಿಸುತ್ತಾನೆ. ಪ್ರೀತಿಯ ತಂಗಿ ನೆಟ್ಟಿ ದೂರದ ಆಫ್ರಿಕಕ್ಕೆ ಹೋಗಿ ಅಲ್ಲಿಂದ ಬರೆದ ಕಾಗದಗಳನ್ನೆಲ್ಲ ಗಂಡ ವರ್ಷಾನುಗಟ್ಟಲೆ ಮುಚ್ಚಿಡುತ್ತಾನೆ. ಸೀಲಿಗೆ ಮಾತಾಡಲು ಯಾರೂ ಇಲ್ಲ. ಆದ್ದರಿಂದ ಅವಳು ದೇವರಿಗೆ ಕಾಗದ ಬರೆಯುತ್ತಾಳೆ. ಇಡೀ ಕಾದಂಬರಿ ಇರುವುದೇ ಕಾಗದಗಳ ರೂಪದಲ್ಲಿ.

ಈ ಕಾಗದಗಳ ಹಿಂದೆ ಒಂದು ಇತಿಹಾಸವಿದೆ. ಗುಲಾಮಗಿರಿ ಇದ್ದ ಕಾಲದಲ್ಲಿ ಅಮೆರಿಕದ ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದು ಕಾನೂನಿನ ಪ್ರಕಾರ ಅಪರಾಧವಾಗಿತ್ತು. 1865ರಲ್ಲಿ ಗುಲಾಮಗಿರಿ ರದ್ದಾಗುವವರೆಗೂ ಆ ಜನರ ನೆನಪು, ಪ್ರಾರ್ಥನೆ, ಸಿಟ್ಟು, ತಮಾಷೆ ಎಲ್ಲವೂ ಉಳಿದದ್ದು ಬಹುಮಟ್ಟಿಗೆ ಬಾಯಿಯಲ್ಲಿ, ಹಾಡಿನಲ್ಲಿ. ಹೊಲದಲ್ಲಿ ಕೆಲಸ ಮಾಡುತ್ತ ಒಬ್ಬ ಎತ್ತುಗಡೆ ಹಾಡಿದರೆ ಉಳಿದವರು ದನಿಗೂಡಿಸುತ್ತಿದ್ದರು. ನಾಟಿ ಹಾಕುವಾಗ, ರಾಗಿ ಬೀಸುವಾಗ ನಮ್ಮ ಹೆಂಗಸರು ಹಾಡಿದ ಹಾಗೆಯೇ. ಮುಂದೆ ಚರ್ಚಿನ ಗಾಸ್ಪೆಲ್, ಬ್ಲೂಸ್, ಜಾಝ್ ಬೆಳೆದದ್ದು ಈ ಬೇರಿನಿಂದ. ಹೀಗಾಗಿ ಕಪ್ಪು ಜನರ ಕಾದಂಬರಿಯೊಂದಕ್ಕೆ ಸಂಗೀತವನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ. ಅದು ಆ ಬದುಕಿನ ಒಳಗೇ ಇದೆ. ಸೀಲಿಗೆ ಪ್ರೀತಿಯನ್ನೂ ಧೈರ್ಯವನ್ನೂ ಕೊಡುವ ಶಗ್ ಏವರಿ ಎಂಬಾಕೆಯಂತೂ ವೃತ್ತಿಯಿಂದಲೇ ಹಾಡುಗಾರ್ತಿ.

ಈ ಕೃತಿಯನ್ನು 1985ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಚಲನಚಿತ್ರ ಮಾಡಿದರು. ಸಂಗೀತ ನಾಟಕವಾಗಿ ಅದು ಮೊದಲು 2004ರಲ್ಲಿ ಅಟ್ಲಾಂಟಾ ನಗರದಲ್ಲೂ, 2005ರ ಡಿಸೆಂಬರ್ 1ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲೂ ರಂಗಕ್ಕೆ ಬಂತು. ಚಲನಚಿತ್ರದಲ್ಲಿ ಸೋಫಿಯಾ ಎಂಬ ಪಾತ್ರ ಮಾಡಿದ್ದ ಓಪ್ರಾ ವಿನ್‌ಫ್ರೀ ನಾಟಕದ ನಿರ್ಮಾಪಕರಲ್ಲಿ ಒಬ್ಬರಾದರು. ರಂಗಪಠ್ಯ ಬರೆದವರು ಮಾರ್ಷ ನಾರ್ಮನ್. ಹಾಡು ಮತ್ತು ಸಂಗೀತ ಬ್ರೆಂಡಾ ರಸೆಲ್, ಆಲಿ ವಿಲ್ಲಿಸ್, ಸ್ಟೀಫನ್ ಬ್ರೇ ಎಂಬ ಮೂವರದು.

ಅವರ ಮುಂದಿದ್ದ ಕಷ್ಟವನ್ನು ಯೋಚಿಸಿ. ಸುಮಾರು ತೊಂಬತ್ತು ಕಾಗದಗಳು, ಹಲವು ದಶಕಗಳ ಕಥೆ, ಎರಡು ಖಂಡಗಳು. ಕೈಯಲ್ಲಿರುವುದು ಹೆಚ್ಚೆಂದರೆ ಮೂರು ಗಂಟೆ. ಅದರ ಮೇಲೆ ಹಾಡು ಎಂಬುದು ಕಾಲವನ್ನು ನುಂಗುವ ವಸ್ತು. ಹತ್ತು ಸೆಕೆಂಡಿನಲ್ಲಿ ಆಡಿ ಮುಗಿಸಬಹುದಾದ ನಾಲ್ಕು ಸಾಲಿಗೆ, ಪಲ್ಲವಿ ತಿರುಗಿಸಿ ಹಾಡಿದರೆ, ಒಂದು ನಿಮಿಷ ಬೇಕು. ಅಂದಮೇಲೆ ಘಟನೆಗಳನ್ನು ಹಾಡಿನಲ್ಲಿ ಹೇಳುತ್ತಾ ಕುಳಿತರೆ ಬೆಳಗಾದೀತು. ಹಾಗಾದರೆ ಹಾಡು ಮಾಡಬೇಕಾದ ಕೆಲಸ ಯಾವುದು? ಪಾತ್ರ ಬಾಯಿಬಿಟ್ಟು ಯಾರಿಗೂ ಹೇಳಲಾರದ್ದನ್ನು ಹೇಳುವುದು. ಗಂಡನ ಎದುರು ಸೀಲಿ ಆಡುವ ಮಾತು ಎರಡೇ ಶಬ್ದ ಇರಬಹುದು. ಆದರೆ ಕಾಗದದಲ್ಲಿ ಅವಳು ಎಲ್ಲವನ್ನೂ ಹೇಳುತ್ತಾಳೆ. ಕಾದಂಬರಿಯಲ್ಲಿ ಕಾಗದ ಮಾಡುವ ಕೆಲಸವನ್ನು ರಂಗದ ಮೇಲೆ ಹಾಡು ವಹಿಸಿಕೊಳ್ಳುತ್ತದೆ. ರೂಪಾಂತರದ ಗುಟ್ಟು ಇರುವುದು ಇಲ್ಲಿ. ನಾಟಕದ ಕೊನೆಯ ಭಾಗದಲ್ಲಿ ಸೀಲಿ ಒಬ್ಬಳೇ ನಿಂತು ತಾನು ಯಾರಿಗೂ ಕಡಿಮೆಯಲ್ಲವೆಂದು ಹಾಡುವ ಸನ್ನಿವೇಶವಿದೆ. ಎರಡು ಗಂಟೆ ಕಾಲ ಅವಳ ತಲೆ ತಗ್ಗಿದ್ದನ್ನು ಕಂಡವರಿಗೆ ಆ ಹಾಡು ಒಂದು ಘಟನೆಯಷ್ಟೇ ದೊಡ್ಡದು.

ಇನ್ನೊಂದು ಉಪಾಯವನ್ನೂ ಅವರು ಮಾಡಿದರು. ಚರ್ಚಿಗೆ ಬರುವ ಮೂವರು ಹೆಂಗಸರು ಊರಿನ ಸುದ್ದಿಯನ್ನೆಲ್ಲ ಹಾಡಿನಲ್ಲಿ ಆಡಿಕೊಳ್ಳುತ್ತಾರೆ. ಯಾರು ಯಾರನ್ನು ಬಿಟ್ಟರು, ಯಾರು ಯಾರ ಮನೆಗೆ ಬಂದರು ಎಂಬುದು ಅವರ ಬಾಯಿಯಲ್ಲಿ ನಗುನಗುತ್ತ ಮುಗಿದುಹೋಗುತ್ತದೆ. ಹತ್ತು ಕಾಗದಗಳ ಸುದ್ದಿ ಎರಡು ನಿಮಿಷದಲ್ಲಿ ಪ್ರೇಕ್ಷಕನಿಗೆ ತಲುಪುತ್ತದೆ. ಮೂಡಲಪಾಯದ ಆಟವನ್ನು ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಭಾಗವತನೂ ಇದನ್ನೇ ಮಾಡುತ್ತಾನೆ.

ಈಗ ನಮ್ಮ ಕಡೆಗೆ ಬರೋಣ. ಅಕ್ಷರದಿಂದ ದೂರ ಇಡಲ್ಪಟ್ಟವರ ಬದುಕನ್ನು ಹೇಳಿದ ಕನ್ನಡ ಕಾದಂಬರಿಗಳಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ (1933) ನಿಮಗೆಲ್ಲ ಗೊತ್ತು. ಚೋಮನಿಗೆ ಒಂದು ತುಂಡು ಭೂಮಿ ಬೇಕು, ಸ್ವಂತ ಬೇಸಾಯ ಬೇಕು. ಹೊಲೆಯನಾಗಿ ಹುಟ್ಟಿದ್ದರಿಂದ ಅದು ಅವನಿಗೆ ಸಿಗುವುದಿಲ್ಲ. ಕಾಫಿ ತೋಟದ ಸಾಲ ಮಕ್ಕಳನ್ನು ಎಳೆದುಕೊಂಡು ಹೋಗುತ್ತದೆ. ಬೇಲೂರು, ಸಕಲೇಶಪುರದ ಸೀಮೆಯವರಿಗೆ ಕಾಫಿ ತೋಟವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚೋಮ ಧಣಿಯ ಎದುರು ವಾದ ಮಾಡಲಾರ, ಕೋರ್ಟಿಗೆ ಹೋಗಲಾರ, ಕಾಗದ ಬರೆಯಲಾರ. ಅವನಿಗೆ ಇರುವುದು ದುಡಿ ಒಂದೇ. ಸಂತೋಷವಾದರೆ ಬಾರಿಸುತ್ತಾನೆ, ಸಂಕಟವಾದರೂ ಬಾರಿಸುತ್ತಾನೆ. ಕೊನೆಗೆ ಬಾರಿಸುತ್ತಲೇ ಸಾಯುತ್ತಾನೆ. ಸೀಲಿಗೆ ಕಾಗದ ಹೇಗೋ ಚೋಮನಿಗೆ ದುಡಿ ಹಾಗೆ.

1975ರಲ್ಲಿ ಬಿ.ವಿ. ಕಾರಂತರು ಇದನ್ನು ಚಲನಚಿತ್ರ ಮಾಡಿದಾಗ ನಿರ್ದೇಶನದ ಜೊತೆಗೆ ಸಂಗೀತವೂ ಅವರದೇ ಆಗಿತ್ತು. ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರು ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಕಾದಂಬರಿಯಲ್ಲಿ ‘ದುಡಿ ಬಾರಿಸಿದ’ ಎಂದು ಓದುವಾಗ ಆ ಸದ್ದನ್ನು ನಾವು ಊಹಿಸಿಕೊಳ್ಳಬೇಕು. ತೆರೆಯ ಮೇಲೆ, ರಂಗದ ಮೇಲೆ ಅದು ನೇರವಾಗಿ ಎದೆಗೆ ಬಡಿಯುತ್ತದೆ. ಇಲ್ಲಿ ರೂಪಾಂತರದಿಂದ ಏನೋ ಹೋಯಿತೆನ್ನುವುದಕ್ಕಿಂತ ಏನೋ ಬಂತೆನ್ನುವುದೇ ಸರಿ.

ಸಂಗೀತದೊಂದಿಗೆ ಕಾದಂಬರಿಯನ್ನು ರಂಗಕ್ಕೆ ತಂದ ನಮ್ಮ ಅತಿ ದೊಡ್ಡ ಸಾಹಸಗಳಲ್ಲಿ ಒಂದು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ನಡೆಯಿತು. ಕೃತಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ನಿರ್ದೇಶಕರು ಸಿ. ಬಸವಲಿಂಗಯ್ಯ, ರಂಗಪಠ್ಯ ಕೆ.ವೈ. ನಾರಾಯಣಸ್ವಾಮಿಯವರದು, ಸಂಗೀತ ಹಂಸಲೇಖ ಅವರದು. ಮುಂದೆ ಅದು ಬೆಂಗಳೂರಿನ ಕಲಾಗ್ರಾಮದಲ್ಲೂ ಆಯಿತು. ರಾತ್ರಿ ಶುರುವಾದ ನಾಟಕ ಬೆಳಗಿನ ಜಾವ ಮುಗಿಯುತ್ತಿತ್ತು; ಒಟ್ಟು ಸುಮಾರು ಒಂಬತ್ತು ಗಂಟೆ. ಪ್ರೇಕ್ಷಕರು ಒಂದು ಬಯಲು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ನಡೆಯುತ್ತಿದ್ದರು. ಸ್ವಲ್ಪ ಲೆಕ್ಕ ಹಾಕಿ. ಏಳುನೂರು ಪುಟ ದಾಟುವ ಪುಸ್ತಕವನ್ನು ಪುಟಕ್ಕೆ ಎರಡೂವರೆ ನಿಮಿಷದಂತೆ ಓದಿದರೆ ಇಪ್ಪತ್ತೊಂಬತ್ತು ಗಂಟೆಯಾದರೂ ಬೇಕು. ಒಂಬತ್ತು ಗಂಟೆಯ ನಾಟಕವೂ ಪುಸ್ತಕದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಕಾಲದ್ದೇ ಆಯಿತು. ಬಿಡುವುದು ಅವರಿಗೂ ತಪ್ಪಲಿಲ್ಲ.

ಆದರೆ ಯಾರನ್ನು ಬಿಡುವುದು? ಈ ಕಾದಂಬರಿಯಲ್ಲಿ ಹಿರಿಯರು ಕಿರಿಯರು ಎಂಬ ಭೇದವಿಲ್ಲ ಎನ್ನುವ ನಿಲುವು ಪುಸ್ತಕದ ಹೊಸ್ತಿಲಲ್ಲೇ ಇದೆ. ಸಿಂಭಾವಿ ಹೆಗ್ಗಡೆಯ ಆಳು ಗುತ್ತಿ, ಅವನು ಮದುವೆಯಾಗಬೇಕೆಂದಿರುವ ಬೆಟ್ಟಳ್ಳಿಯ ಹೊಲಗೇರಿಯ ತಿಮ್ಮಿ, ಅವನ ನಾಯಿ ಹುಲಿಯ, ಗಟ್ಟದ ಕೆಳಗಿನಿಂದ ಬಂದ ಐತ ಮತ್ತು ಪೀಂಚಲು, ಇವರೆಲ್ಲ ಹೆಗ್ಗಡೆಗಳಷ್ಟೇ ಜಾಗ ಪಡೆದಿದ್ದಾರೆ. ಹೆಗ್ಗಡೆಗಳ ಮನೆಯ ಕಥೆಯನ್ನಷ್ಟೇ ಉಳಿಸಿಕೊಂಡು ಉಳಿದವರನ್ನು ತಮಾಷೆಯ ಪಾತ್ರ ಮಾಡಿಬಿಟ್ಟರೆ ಮೂರು ಗಂಟೆಯ ಅಚ್ಚುಕಟ್ಟಾದ ನಾಟಕವೇನೋ ಆದೀತು, ಕಾದಂಬರಿ ಸತ್ತುಹೋದೀತು. ಒಂಬತ್ತು ಗಂಟೆಯ ಹಠ ಬರಿಯ ದಾಖಲೆಗಾಗಿ ಮಾಡಿದ್ದಲ್ಲವೆಂದು ತಿಳಿಯುವುದು ಇಲ್ಲಿ. ಕಥೆಯನ್ನು ಹೇಳಲು ರಂಗದ ಮೇಲೆ ಬಂದವರೂ ಅಲೆಮಾರಿ ಕಥೆಗಾರರಾದ ಜೋಗಿಗಳು, ಹೆಳವರು. ಹೆಳವರು ನಮ್ಮ ಹಳ್ಳಿಗಳಲ್ಲಿ ಮನೆ ಮನೆಯ ವಂಶಾವಳಿ ಹೇಳುತ್ತ ಬರುವವರು. ಊರಿನ ಕಥೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಬ್ರಾಡ್‌ವೇಯ ಆ ಮೂವರು ಹೆಂಗಸರು ಮಾಡಿದ ಕೆಲಸವನ್ನು ಇಲ್ಲಿ ಇವರು ಮಾಡಿದರು.

ಮಿತ್ರರೇ, ಇನ್ನು ಅಪಾಯದ ಮಾತಿಗೆ ಬರುತ್ತೇನೆ. ಮೊದಲನೆಯದು ಭಾಷೆಯನ್ನು ತೊಳೆದುಬಿಡುವ ಅಪಾಯ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ ದಲಿತ ಯುವಕ ಚೆನ್ನನ ಕೊಲೆ ಅದರ ನಡುವೆ ಇದೆ. ಮನೆಮನೆಯ ದೀಪಗಳು ಜೋತಮ್ಮಗಳಾಗಿ ರಾತ್ರಿ ಒಂದೆಡೆ ಸೇರಿ ಕಷ್ಟಸುಖ ಮಾತಾಡಿಕೊಳ್ಳುತ್ತವೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ಬಸವಲಿಂಗಯ್ಯನವರೇ ರಂಗಕ್ಕೂ ತಂದರು. ಇದರ ಮಾತನ್ನು ಎಲ್ಲರಿಗೂ ಅರ್ಥವಾಗಲೆಂದು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಅರ್ಥವೇನೋ ಆಗುತ್ತದೆ, ಆಡುವವರು ಮಾತ್ರ ಬೇರೆಯವರಾಗಿಬಿಡುತ್ತಾರೆ. ವಾಕರ್ ಅವರ ಕಾದಂಬರಿಯಲ್ಲೂ ಇಂಥದೇ ಒಂದು ಪ್ರಸಂಗವಿದೆ. ಪ್ಯಾಂಟು ಹೊಲಿಯುವ ಕೆಲಸದಲ್ಲಿ ಸೀಲಿಗೆ ನೆರವಾಗುವ ಹೆಂಗಸೊಬ್ಬಳು ಅವಳಿಗೆ ‘ಸರಿಯಾದ’ ಇಂಗ್ಲಿಷ್ ಕಲಿಸಲು ಹೊರಡುತ್ತಾಳೆ. ತನ್ನ ಮನಸ್ಸಿಗೇ ವಿಚಿತ್ರವೆನಿಸುವಂತೆ ಮಾತಾಡುವುದು ದಡ್ಡತನವೆಂದು ಸೀಲಿಗೆ ಅನ್ನಿಸುತ್ತದೆ. ರೂಪಾಂತರ ಮಾಡುವವರೆಲ್ಲ ನೆನಪಿಡಬೇಕಾದ ಪ್ರಸಂಗ ಇದು.

ಎರಡನೆಯ ಅಪಾಯ ಚಪ್ಪಾಳೆಯದು. ನಮ್ಮ ಹಾಸನ, ತುಮಕೂರು ಸೀಮೆಯಲ್ಲಿ ‘ಕುರುಕ್ಷೇತ್ರ’ ಪೌರಾಣಿಕ ನಾಟಕವಾಡದ ಊರು ಕಡಿಮೆ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಕುಳಿತರೆ ಇಡೀ ರಾತ್ರಿ ಹಾಡು. ಹಾಡು ಚೆನ್ನಾಗಿ ಬಂದರೆ ಸಭಿಕರು ‘ಒನ್ಸ್ ಮೋರ್’ ಎನ್ನುತ್ತಾರೆ. ಸತ್ತುಬಿದ್ದ ವೀರನೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕಾಗುತ್ತದೆ! ಪೌರಾಣಿಕದಲ್ಲಿ ಇದು ಸೊಗಸು, ಯಾರಿಗೂ ನಷ್ಟವಿಲ್ಲ. ಆದರೆ ಚೋಮನ ಸಾವಿಗೆ, ಸೀಲಿಯ ಏಟಿಗೆ, ಚೆನ್ನನ ಕೊಲೆಗೆ ‘ಒನ್ಸ್ ಮೋರ್’ ಎನ್ನಬಹುದೇ? ಇಂಪಾದ ರಾಗ ನೋವಿನ ಮೇಲೆ ಬೆಲ್ಲ ಸವರಿಬಿಡುತ್ತದೆ. ನೋಡಿದವರು ‘ಎಷ್ಟು ಚೆನ್ನಾಗಿ ಹಾಡಿದರು’ ಎಂದು ಮನೆಗೆ ಹೋಗುತ್ತಾರೆ, ಏನು ನಡೆಯಿತೆಂಬುದು ಮರೆತಿರುತ್ತದೆ. ನಿಜವಾಗಿ ಬದುಕಿದ್ದವರ ಸಂಕಟ ಹೀಗೆ ನಮ್ಮ ಮನರಂಜನೆಯಾಗಿ ಬಳಕೆಯಾದರೆ ಅದು ಎರಡನೆಯ ಸಲ ಮಾಡಿದ ಅನ್ಯಾಯ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. 2015ರಲ್ಲಿ ಜಾನ್ ಡಾಯ್ಲ್ ಎಂಬ ನಿರ್ದೇಶಕರು ‘ದಿ ಕಲರ್ ಪರ್ಪಲ್’ ನಾಟಕವನ್ನು ಬ್ರಾಡ್‌ವೇಯಲ್ಲಿ ಮತ್ತೆ ಆಡಿಸಿದರು. ಮೊದಲ ಪ್ರಯೋಗದ ಅದ್ದೂರಿ ರಂಗಸಜ್ಜಿಕೆಯನ್ನು ತೆಗೆದುಹಾಕಿ ಮರದ ಗೋಡೆ, ಮರದ ಕುರ್ಚಿಗಳು ಇಷ್ಟನ್ನೇ ಇಟ್ಟರು. ಕಣ್ಣಿಗೆ ಹಬ್ಬವಾಗುವಂಥದು ಕಡಿಮೆಯಾದಷ್ಟೂ ಕಿವಿ ಚುರುಕಾಗುತ್ತದೆ. ಹಾಡುವವಳ ಮುಖವೊಂದೇ ಎದುರಿಗೆ ಉಳಿಯುತ್ತದೆ. ಮರುವರ್ಷ ಆ ಪ್ರಯೋಗಕ್ಕೂ ಸೀಲಿಯಾದ ಸಿಂಥಿಯಾ ಎರಿವೊ ಅವರಿಗೂ ಟೋನಿ ಪ್ರಶಸ್ತಿ ಬಂತು. ನಮ್ಮಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಸಂಕಲನದ ಪದ್ಯಗಳು ಸಭೆ, ಮೆರವಣಿಗೆಗಳಲ್ಲಿ ಹಾಡಾಗಿ ಹಬ್ಬಿದ್ದೂ ಒಂದು ತಮಟೆ ಅಥವಾ ಬರಿಯ ಕೊರಳಿನ ಬಲದಿಂದಲೇ. ಅವು ಕೇಳುಗನನ್ನು ತೂಗಿ ಮಲಗಿಸಲಿಲ್ಲ, ಎದ್ದು ಕೂರುವಂತೆ ಮಾಡಿದವು.

ಒಂದು ಕೃತಿಯನ್ನು ನೀವೇ ರಂಗಕ್ಕೆ ತರಬೇಕಾದಾಗ ನನ್ನ ಮೂರು ಸಣ್ಣ ಪರೀಕ್ಷೆಗಳನ್ನು ಪ್ರಯೋಗಿಸಿ ನೋಡಿ. ಒಂದು: ಈ ಹಾಡನ್ನು ಪೂರ್ತಿ ತೆಗೆದುಹಾಕಿದರೆ ಪ್ರೇಕ್ಷಕನಿಗೆ ಏನಾದರೂ ತಿಳಿಯದೆ ಉಳಿಯುತ್ತದೆಯೇ? ಉಳಿಯದಿದ್ದರೆ ಅದು ಅಲಂಕಾರ, ತೆಗೆದೇಬಿಡಿ. ಎರಡು: ಇದು ಯಾರ ಬಾಯಿಯ ಮಾತು? ನೋವುಂಡವರದೋ, ಅವರನ್ನು ನೋಡಿ ಮರುಗುವವರದೋ? ಮೂರು: ಹಾಡು ಮುಗಿದ ಕ್ಷಣದಲ್ಲಿ ನಿಮಗೆ ಬೇಕಾದದ್ದು ಚಪ್ಪಾಳೆಯೋ, ಮೌನವೋ? ಮೌನ ಬೇಕಾದರೆ ರಾಗವನ್ನು ಎತ್ತರಕ್ಕೆ ಏರಿಸಿ ಮುಗಿಸಬೇಡಿ. ಮಾತಿನ ನಡುವೆಯೇ ನಿಲ್ಲಿಸಿ.

ನಿಮ್ಮ ಶಾಲೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಮುಂಚೆ ಒಂದು ಅಭ್ಯಾಸ ಮಾಡಿ. ‘ಮಲೆಗಳಲ್ಲಿ ಮದುಮಗಳು’ ಕೊನೆಯಲ್ಲಿ ಗುತ್ತಿ ಮತ್ತು ತಿಮ್ಮಿ ಮಳೆಗಾಲದ ತುಂಗೆಯನ್ನು ದಾಟುತ್ತಾರೆ, ಅವರ ಹಿಂದೆ ಬಂದ ಹುಲಿಯ ಹೊಳೆಯ ಸೆಳೆತಕ್ಕೆ ಸಿಕ್ಕುತ್ತದೆ. ಆ ಪುಟಗಳನ್ನು ಗ್ರಂಥಾಲಯದಲ್ಲಿ ಹುಡುಕಿ ಓದಿ. ನಿಮ್ಮ ಬಳಿ ನೀರಿಲ್ಲ, ನಾಯಿಯಿಲ್ಲ, ದೋಣಿಯಿಲ್ಲ. ಐದು ಜನ ಗೆಳೆಯರು, ಒಂದು ತಮಟೆ, ಹತ್ತು ನಿಮಿಷ ಇವೆ. ಹೊಳೆಯ ಸದ್ದನ್ನು ಯಾರು ಮಾಡುತ್ತಾರೆ, ಗುತ್ತಿ ಎಲ್ಲಿ ನಿಂತು ಕೂಗುತ್ತಾನೆ, ಹಾಡು ಎಲ್ಲಿ ಬರುತ್ತದೆ, ಎಲ್ಲಿ ಬರಲೇಬಾರದು ಎಂಬುದನ್ನು ನಿಮ್ಮ ನಿಮ್ಮಲ್ಲೇ ಜಗಳವಾಡಿ ತೀರ್ಮಾನಿಸಿ. ಆಮೇಲೆ ಆ ಪುಟಗಳನ್ನು ಮತ್ತೊಮ್ಮೆ ಓದಿ. ಮೊದಲ ಸಲ ಕಣ್ಣು ತಪ್ಪಿಸಿಕೊಂಡಿದ್ದ ಎಷ್ಟೋ ಸಂಗತಿಗಳು ಆಗ ನಿಮಗೆ ಸಿಗುತ್ತವೆ.